ಕರುಣೆಗೂ ಒಂದು ಅಡುಗೆಮನೆ ಬೇಕು

ಅಪರಿಚಿತರನ್ನು ಬರಮಾಡಿಕೊಳ್ಳುವುದು ಹೃದಯದ ವಿಷಯ ಎಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಮೊದಲು ಮನಸ್ಸು ಕರಗಬೇಕು, ಆಮೇಲೆ ಕೈ ಮುಂದಾಗುತ್ತದೆ ಎಂಬುದು ಕ್ರೈಸ್ತ ಕರುಣೆಯನ್ನು ಕುರಿತ ಪ್ರವಚನಗಳಲ್ಲೂ ಕೇಳಿಬರುವ ಮಾತು. ಇದು ಸುಳ್ಳೆಂದು ನಾನು ಹೇಳಲಾರೆ. ಆದರೆ ಇಷ್ಟೇ ಸಾಕೇ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳವನ್ನು ಗಮನಿಸಿ. ಅಲ್ಲಿ ನೆರೆದವರು ಕಲ್ಲುಮನಸ್ಸಿನವರೇನಲ್ಲ. ಆದರೂ ಊರಿಗೆ ಹೊಸದಾಗಿ ಬಂದ ಕುಟುಂಬವೊಂದು ಸ್ವಲ್ಪ ಹೊತ್ತು ಗೋಡೆಯ ಪಕ್ಕ ನಿಂತು, ಯಾರೂ ಮಾತಾಡಿಸದೆ ಹೊರಟುಹೋಗುವುದುಂಟು. ಬೇರೆ ಯಾರಾದರೂ ಮಾತಾಡಿಸಿಯಾರು ಎಂದು ಪ್ರತಿಯೊಬ್ಬರೂ ಅಂದುಕೊಂಡಿರುತ್ತಾರೆ. ಕರುಣೆ ಎಲ್ಲರಲ್ಲೂ ಇತ್ತು, ಕೆಲಸ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ.

ಆರನೆಯ ಶತಮಾನದಲ್ಲಿ ಇಟಲಿಯ ಮೊಂಟೆ ಕಸಿನೊದ ಸಂತ ಬೆನೆಡಿಕ್ಟರು ತಮ್ಮ ಮಠಕ್ಕಾಗಿ ಬರೆದ ನಿಯಮಾವಳಿ ಈ ಕೆಲಸವನ್ನು ಹಂಚಿಕೊಟ್ಟಿತ್ತು. ಅದರ 53ನೆಯ ಅಧ್ಯಾಯ ಅತಿಥಿಗಳನ್ನು ಕುರಿತದ್ದು. ಬಂದವರೆಲ್ಲರನ್ನೂ ಕ್ರಿಸ್ತನೇ ಬಂದನೆಂಬಂತೆ ಸ್ವಾಗತಿಸಬೇಕೆಂಬ ಮಾತಿನಿಂದ ಅದು ಆರಂಭವಾಗುತ್ತದೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯ ಅದಕ್ಕೆ ಆಧಾರ. ಉಪದೇಶಕರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಬೆನೆಡಿಕ್ಟರು ಮುಂದುವರಿದು ಅಡುಗೆಮನೆಯ ಮಾತಿಗೆ ಬರುತ್ತಾರೆ. ಅತಿಥಿಗಳು ಹೊತ್ತುಗೊತ್ತಿಲ್ಲದೆ ಬರುವುದರಿಂದ ಅವರಿಗೂ ಮಠಾಧಿಪತಿಗೂ ಬೇರೆ ಅಡುಗೆಮನೆ ಇರಬೇಕು. ಕೆಲಸ ಬಲ್ಲ ಇಬ್ಬರನ್ನು ಒಂದು ವರ್ಷದ ಮಟ್ಟಿಗೆ ಅಲ್ಲಿ ನೇಮಿಸಬೇಕು. ಅವರು ಗೊಣಗದೆ ಸೇವೆ ಮಾಡುವಂತಾಗಲು, ಅಗತ್ಯವಿದ್ದಾಗ ಸಹಾಯಕ್ಕೆ ಆಳು ಕೊಡಬೇಕು. ಅತಿಥಿಗೃಹದಲ್ಲಿ ಸಾಕಷ್ಟು ಹಾಸಿಗೆಗಳು ಸಿದ್ಧವಿರಬೇಕು. ಈ ಗೊಣಗಾಟದ ಪ್ರಸ್ತಾಪ ನನಗೆ ಬಹಳ ಮುಖ್ಯವೆನಿಸುತ್ತದೆ. ಗೊಣಗಾಟವನ್ನು ಬೆನೆಡಿಕ್ಟರು ದೊಡ್ಡ ದೋಷವೆಂದೇ ಎಣಿಸಿದವರು. ಆದರೂ ಇಲ್ಲಿ ಅದಕ್ಕೆ ಅವರು ಸೂಚಿಸಿದ ಮದ್ದು ಬುದ್ಧಿವಾದವಲ್ಲ, ಇನ್ನೊಂದು ಜೊತೆ ಕೈ. ನೆಂಟರು ಬಂದಾಗ ಒಬ್ಬಳೇ ಹೆಂಗಸು ಮೂರು ಹೊತ್ತೂ ಬೇಯಿಸಿ ಬಡಿಸಿ, ಆತಿಥ್ಯದ ಹೆಸರು ಮಾತ್ರ ಇಡೀ ಮನೆಗೆ ಸಿಗುವುದನ್ನು ಕಂಡವರಿಗೆ ಈ ವಿವೇಕದ ಬೆಲೆ ತಿಳಿಯುತ್ತದೆ.

ವ್ಯವಸ್ಥೆ ಒಳಗೆ ಬಂದರೆ ಪ್ರೀತಿ ಹೊರಗೆ ಹೋಗುತ್ತದೆ ಎಂದು ನೀವು ಆಕ್ಷೇಪಿಸಬಹುದು. ಅರ್ಜಿ, ಸರತಿ, ಮುಖವೆತ್ತಿ ನೋಡದ ಗುಮಾಸ್ತರು ಇವನ್ನೆಲ್ಲ ಕಂಡ ನಾವು ಹಾಗೆ ಹೆದರುವುದು ಸಹಜ. ಆದರೆ ವ್ಯವಸ್ಥೆಯಿಲ್ಲದ ಪ್ರೀತಿ ಯಾರತ್ತ ಹರಿಯುತ್ತದೆ ಎಂಬುದನ್ನೂ ನೋಡಬೇಕಲ್ಲವೇ? ಒಳ್ಳೆಯ ಬಟ್ಟೆ ತೊಟ್ಟು ನಮ್ಮ ಭಾಷೆಯನ್ನೇ ಆಡುವ ಅಪರಿಚಿತನಿಗೆ ಕುರ್ಚಿ ಬೇಗ ಸಿಗುತ್ತದೆ. ಅದೇ ಅಧ್ಯಾಯ ಇದನ್ನೂ ಬಲ್ಲದು. ಶ್ರೀಮಂತರಿಗೆ ಅವರ ಭಯದಿಂದಲೇ ಮರ್ಯಾದೆ ಸಲ್ಲುತ್ತದೆ, ಆದ್ದರಿಂದ ಬಡವರನ್ನೂ ಯಾತ್ರಿಕರನ್ನೂ ವಿಶೇಷ ಕಾಳಜಿಯಿಂದ ಕಾಣಬೇಕು ಎನ್ನುತ್ತದೆ. ಇಲ್ಲಿ ನಿಯಮವೇ ಹೃದಯದ ಪಕ್ಷಪಾತವನ್ನು ತಿದ್ದುತ್ತಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಲೆ ಶಂಬೋಂ-ಸುರ್-ಲಿನ್ಯೋಂ ಎಂಬ ಪ್ರಾಟೆಸ್ಟೆಂಟ್ ಹಳ್ಳಿ ಮತ್ತು ಅದರ ಸುತ್ತಲಿನ ಊರುಗಳು ಸಾವಿರಾರು ನಿರಾಶ್ರಿತರಿಗೆ ನೆಲೆ ಕೊಟ್ಟವು. ಅವರಲ್ಲಿ ಬಹಳಷ್ಟು ಮಂದಿ ಯೆಹೂದಿಗಳು. ಇದನ್ನು ಸರಳ ಜನರ ಒಳ್ಳೆಯತನ ತಾನಾಗಿ ಉಕ್ಕಿದ ಕಥೆಯಾಗಿ ಹೇಳುವುದು ವಾಡಿಕೆ. ಪಾದ್ರಿ ಆಂದ್ರೆ ತ್ರೋಕ್ಮೆಯವರ ಉಪದೇಶಕ್ಕೆ ಅಲ್ಲಿ ದೊಡ್ಡ ಪಾತ್ರವಿತ್ತು, ನಿಜ. ಆದರೆ 1938ರಲ್ಲಿ ಆರಂಭವಾದ ಒಂದು ಶಾಲೆ, ಬೇಸಿಗೆಯ ಪ್ರವಾಸಿಗರಿಗೆಂದು ಮೊದಲೇ ಇದ್ದ ವಸತಿಗೃಹಗಳು, ಮಕ್ಕಳ ನಿಲಯಗಳಿಗೆ ಕ್ವೇಕರ್ ಪಂಥದವರಿಂದಲೂ ಸ್ವಿಟ್ಜರ್ಲೆಂಡಿನಿಂದಲೂ ಬಂದ ಹಣ, ನಕಲಿ ಗುರುತಿನ ಚೀಟಿ ತಯಾರಿಸುವ ಕೈಗಳು, ಪೊಲೀಸರು ಬಂದಾಗ ಅಡಗಲು ದೂರದ ತೋಟದ ಮನೆಗಳು, ಇವೂ ಇದ್ದವು. 1685ರಲ್ಲಿ ದೊರೆ ಹದಿನಾಲ್ಕನೆಯ ಲೂಯಿ ಪ್ರಾಟೆಸ್ಟೆಂಟರ ಹಕ್ಕುಗಳನ್ನು ಕಿತ್ತುಕೊಂಡ ಮೇಲೆ ತಮ್ಮ ಪೂರ್ವಿಕರು ಅಡಗಿಕೊಂಡು ಬಾಳಿದ ನೆನಪೂ ಹಳ್ಳಿಗರಿಗಿತ್ತು. ಇಷ್ಟು ಸಿದ್ಧತೆಯಿಂದ ಅವರ ಪ್ರೀತಿ ತಣ್ಣಗಾಯಿತೆನ್ನಲು ಆಧಾರವಿಲ್ಲ. ಅಲ್ಲಿನ ಒಂದು ವಿದ್ಯಾರ್ಥಿ ನಿಲಯವನ್ನು ನೋಡಿಕೊಳ್ಳುತ್ತಿದ್ದ, ಪಾದ್ರಿಯ ಬಂಧು ಡೇನಿಯಲ್ ತ್ರೋಕ್ಮೆ 1943ರಲ್ಲಿ ತಮ್ಮ ವಿದ್ಯಾರ್ಥಿಗಳೊಂದಿಗೆ ಬಂಧಿತರಾಗಿ, ಮರುವರ್ಷ ನಾಜಿಗಳ ಮೈದಾನೆಕ್ ಶಿಬಿರದಲ್ಲಿ ತೀರಿಕೊಂಡರು.

ಕೊನೆಯದಾಗಿ, ಆಶ್ರಯ ಪಡೆದವರು ಕೃತಜ್ಞರಾಗಿ ಸುಮ್ಮನಿರಬೇಕೆಂಬ ನಿರೀಕ್ಷೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಬಂದವರು ಒಂದು ಕೊರತೆ ಎತ್ತಿದರೆ ಸಾಕು, ಮುಖಗಳು ಬಿಗಿಯುತ್ತವೆ. ಬೆನೆಡಿಕ್ಟರ 61ನೆಯ ಅಧ್ಯಾಯ ಬೇರೆ ಕಡೆಯಿಂದ ಬಂದು ತಂಗುವ ಸನ್ಯಾಸಿಯನ್ನು ಕುರಿತದ್ದು. ಆತ ವಿನಯದಿಂದ, ಸಕಾರಣವಾಗಿ ಮಠದ ಲೋಪವೊಂದನ್ನು ತೋರಿಸಿದರೆ, ದೇವರು ಇದಕ್ಕಾಗಿಯೇ ಅವನನ್ನು ಕಳಿಸಿರಬಹುದೇ ಎಂದು ಮಠಾಧಿಪತಿ ಯೋಚಿಸಬೇಕಂತೆ. ಇದು ಸನ್ಯಾಸಿಗಳಿಗಷ್ಟೇ ಅನ್ವಯಿಸುವ ಮಾತೆಂದು ನೀವು ವಾದಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಊರಿಗೆ ಬಂದು ವರ್ಷವಾದ ಕುಟುಂಬವನ್ನು ಚರ್ಚಿನ ಸಮಿತಿ ಕರೆದು ಕೂರಿಸಿ, ನಮ್ಮಲ್ಲಿ ನಿಮಗೆ ಕಷ್ಟವಾದದ್ದು ಯಾವುದು ಎಂದು ಕೇಳಲಿ, ಹೇಳಿದ್ದನ್ನು ಬರೆದುಕೊಳ್ಳಲಿ.