ಹೆಸರು ಕಲಬುರಗಿದು, ಪಿಚ್ ಯಾರದು?

2024ರ ನವೆಂಬರ್‌ನ ಐಪಿಎಲ್ ಹರಾಜಲ್ಲಿ 13 ವರ್ಷದ ವೈಭವ್ ಸೂರ್ಯವಂಶಿಗೆ 1.10 ಕೋಟಿ ರೂಪಾಯಿ ಸಿಕ್ತು. ಜೂಜು ಅನ್ನಿಸಬಹುದು, ಆದರೆ ಕುರುಡು ಜೂಜಲ್ಲ. ಅಷ್ಟೊತ್ತಿಗೆ ಅವನು ಬಿಹಾರಕ್ಕೆ ರಣಜಿ ಆಡಿದ್ದ, ಆಸ್ಟ್ರೇಲಿಯಾ ಅಂಡರ್-19 ಬೌಲರ್‌ಗಳೆದುರು 58 ಎಸೆತಕ್ಕೆ ಶತಕ ಹೊಡೆದಿದ್ದ. ಅಂದ್ರೆ ಅಳೆಯೋಕೆ ಡೇಟಾ ಇತ್ತು.

ಕಮಲಾಪುರದ ಹುಡುಗ ಟೆನಿಸ್ ಬಾಲಲ್ಲಿ ಎಷ್ಟೇ ಸಿಕ್ಸರ್ ಬಾರಿಸಲಿ, ಸ್ಕೌಟ್ ಕೇಳೋದು ಎರಡೇ: ಯಾರ ಬೌಲಿಂಗ್? ಎಂಥ ಪಿಚ್? ಇದಕ್ಕೆ ಉತ್ತರ ಕೊಡಬೇಕಾದ್ದು ಹುಡುಗನಲ್ಲ, ವ್ಯವಸ್ಥೆ.

2022ರಲ್ಲಿ ಗುಲ್ಬರ್ಗಾ ಮಿಸ್ಟಿಕ್ಸ್ ಮಹಾರಾಜ ಟ್ರೋಫಿ ಗೆದ್ದಿತು. ಪಂದ್ಯಗಳು ನಡೆದದ್ದು ಮಾತ್ರ ಮೈಸೂರು, ಬೆಂಗಳೂರಲ್ಲಿ. ತಂಡಕ್ಕೆ ಊರಿನ ಹೆಸರಿಟ್ಟರೆ ಸಾಲದು. ಟರ್ಫ್ ಪಿಚ್, ಅಂಡರ್-16 ಲೀಗ್, ಪ್ರತಿ ಎಸೆತದ ದಾಖಲೆ ಇಲ್ಲೇ ಸಿಗಬೇಕು. ಇಲ್ಲದಿದ್ರೆ ಹರಾಜಿಗೂ ಮೊದಲೇ ನಮ್ಮ ಹುಡುಗ ಅನ್‌ಸೋಲ್ಡ್.