ವಕೀಲರು ಕುರ್ಚಿ ಬಿಟ್ಟರು, ರಾಜಕಾರಣಿ ಮಾತು ಬಿಟ್ಟರು

2016ರ ಮಾರ್ಚ್ 22ರಂದು ಮಹಾರಾಷ್ಟ್ರದ ಅಡ್ವೊಕೇಟ್ ಜನರಲ್ ಶ್ರೀಹರಿ ಅಣೆ ರಾಜೀನಾಮೆ ಕೊಟ್ಟರು. ವಿದರ್ಭ ಪ್ರತ್ಯೇಕ ರಾಜ್ಯವಾಗಲಿ ಎಂದು ಹೇಳುತ್ತಲೇ ಬಂದಿದ್ದ ಅವರು, ಎರಡು ದಿನ ಮುಂಚೆ ಜಾಲ್ನಾದಲ್ಲಿ ಮರಾಠವಾಡಕ್ಕೂ ಅದೇ ದಾರಿ ಎಂದಿದ್ದರು. ಸದನದಲ್ಲಿ ಗದ್ದಲವೆದ್ದಿತು. ಸರ್ಕಾರದ ಮಿತ್ರಪಕ್ಷ ಶಿವಸೇನೆಯೇ ಅವರ ತಲೆದಂಡ ಕೇಳಿತು. ಅವರನ್ನು ಆ ಹುದ್ದೆಗೆ ತಂದದ್ದು ದೇವೇಂದ್ರ ಫಡಣವೀಸ್ ಸರ್ಕಾರ. ಇಬ್ಬರಿಗೂ ನಾಗ್ಪುರದ ನಂಟು, ಇಬ್ಬರೂ ಕಾನೂನು ಓದಿದವರು, ವಿದರ್ಭದ ಮಟ್ಟಿಗೆ ಇಬ್ಬರದೂ ಒಂದೇ ಮಾತು. ಒಬ್ಬರು ಹುದ್ದೆ ಕಳೆದುಕೊಂಡರು, ಇನ್ನೊಬ್ಬರು ಮುಖ್ಯಮಂತ್ರಿಯಾಗಿ ಮುಂದುವರಿದರು.

ಹಾಗೆಂದು ಅಣೆ ಅವರನ್ನು ಹುತಾತ್ಮರ ಸಾಲಿಗೆ ಸೇರಿಸಲಾರೆ. ಸಂವಿಧಾನದ 165ನೇ ವಿಧಿಯಂತೆ ಅಡ್ವೊಕೇಟ್ ಜನರಲ್ ರಾಜ್ಯ ಸರ್ಕಾರದ ವಕೀಲ. ಕಕ್ಷಿದಾರನ ವಕಾಲತ್ತು ಹಿಡಿದುಕೊಂಡೇ ಅವನ ಜಮೀನು ಪಾಲಾಗಲಿ ಎಂದು ಊರೆಲ್ಲ ಸಾರುವ ವಕೀಲನನ್ನು ತಾಲ್ಲೂಕು ಕೋರ್ಟಿನಲ್ಲೂ ಯಾರೂ ಮೆಚ್ಚುವುದಿಲ್ಲ. ಅದೂ ಈ ಕಕ್ಷಿದಾರ ಬೆಳಗಾವಿ, ನಿಪ್ಪಾಣಿ ತನಗೇ ಸೇರಬೇಕೆಂದು 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದ ರಾಜ್ಯ! ಪ್ರತ್ಯೇಕ ವಿದರ್ಭಕ್ಕಾಗಿ ದುಡಿದ ಲೋಕನಾಯಕ ಬಾಪೂಜಿ ಅಣೆ ಅವರ ಮೊಮ್ಮಗನಿಗೆ ಆ ನಂಬಿಕೆ ಸಹಜವೇ. ಆದರೆ ಕ್ರಮ ತಪ್ಪಿತು. ಮೊದಲು ರಾಜೀನಾಮೆ, ಆಮೇಲೆ ಭಾಷಣ ಎಂದಾಗಬೇಕಿತ್ತು. ನಮ್ಮ ಬಿ.ವಿ. ಆಚಾರ್ಯರು 2012ರಲ್ಲಿ ಜಯಲಲಿತಾ ಪ್ರಕರಣದ ವಿಶೇಷ ಅಭಿಯೋಜಕರಾಗಿ ಉಳಿಯಲು ಅಡ್ವೊಕೇಟ್ ಜನರಲ್ ಹುದ್ದೆಯನ್ನೇ ಬಿಟ್ಟಿದ್ದರು.

ಆದರೂ ದೊಡ್ಡ ತಪ್ಪು ರಾಜಕಾರಣದ್ದು. 1955ರಲ್ಲೇ ರಾಜ್ಯ ಪುನರ್ವಿಂಗಡಣೆಯ ಫಜಲ್ ಅಲಿ ಆಯೋಗ ವಿದರ್ಭ ರಾಜ್ಯವನ್ನು ಶಿಫಾರಸು ಮಾಡಿತ್ತು. ಬಿಜೆಪಿ 1997ರಲ್ಲಿ ಭುವನೇಶ್ವರದಲ್ಲಿ ಅದರ ಪರ ನಿರ್ಣಯ ಕೈಗೊಂಡಿತು. 2014ರಲ್ಲಿ ದೆಹಲಿ, ಮುಂಬೈ ಎರಡೂ ಅದರ ಕೈಗೆ ಬಂದವು. ಆಮೇಲೆ? ಅಣೆ ಅವರ ನಿಲುವು ಸರ್ಕಾರದ್ದಲ್ಲ ಎಂದು ಕೈತೊಳೆದುಕೊಂಡರು. ವಿಧಾನಸಭೆಯ 288 ಸ್ಥಾನಗಳಲ್ಲಿ ಬಿಜೆಪಿ ಗೆದ್ದದ್ದು 122, ಶಿವಸೇನೆ ಇಲ್ಲದೆ ಸರ್ಕಾರವಿಲ್ಲ ಎಂಬ ಸಮಜಾಯಿಷಿ ಇದೆ. ಹಾಗಾದರೆ ನಾಗ್ಪುರದಲ್ಲಿ ಒಂದು ಮಾತು, ಮುಂಬೈಯಲ್ಲಿ ಇನ್ನೊಂದು ಮಾತು ಆಡಿ ವೋಟು ಕೇಳಿದ್ದೇಕೆ? ನಿಲುವು ಗೊತ್ತಿದ್ದೇ ಅಣೆ ಅವರನ್ನು ನೇಮಿಸಿದ್ದೇಕೆ?

ಅಣೆ, ಫಡಣವೀಸ್ ಇಬ್ಬರ ನಡುವಣ ವಿಶ್ವಾಸ ಏನಾಯಿತು ಎಂಬುದು ಅವರ ಖಾಸಗಿ ವಿಷಯ. ನಮಗೆ ಬೇಕಾದದ್ದು ಲೆಕ್ಕ. ಆಪ್ತರು, ಊರಿನವರು ಎಂಬುದು ರಾಜ್ಯದ ಅತ್ಯುನ್ನತ ಕಾನೂನು ಹುದ್ದೆಗೆ ಅರ್ಹತೆಯಾಗಬಾರದು. ಇಬ್ಬಗೆಯ ಮಾತು ಮಹಾರಾಷ್ಟ್ರಕ್ಕಷ್ಟೇ ಸೀಮಿತವಲ್ಲ: ಉತ್ತರ ಕರ್ನಾಟಕ ಪ್ರತ್ಯೇಕವಾಗಲಿ ಎನ್ನುತ್ತಲೇ ಸಚಿವ ಉಮೇಶ ಕತ್ತಿ ನಮ್ಮ ರಾಜ್ಯದ ಸಂಪುಟದಲ್ಲಿ ಉಳಿದದ್ದನ್ನು ನಾವೂ ನೋಡಿದ್ದೇವೆ. ಆದ್ದರಿಂದ ಪ್ರತ್ಯೇಕ ರಾಜ್ಯದ ಹೆಸರಿನಲ್ಲಿ ವೋಟು ಕೇಳಲು ಬರುವವರನ್ನು, ಅವರು ಯಾವ ಪಕ್ಷದವರೇ ಆಗಲಿ, ಮೊದಲು ಕೇಳಿ: ಅಧಿಕಾರ ಸಿಕ್ಕ ಮೇಲೆ ಸದನದಲ್ಲಿ ಇದೇ ಮಾತು ಆಡುತ್ತೀರಾ? ಉತ್ತರ ಬರದಿದ್ದರೆ ವೋಟು ಕೊಡಬೇಡಿ.