ಬಾಣಂತಿಯ ತಟ್ಟೆಯಲ್ಲಿ ಏನಿದೆ ಎಂದು ಕೇಳೋಣ



ವರದಕ್ಷಿಣೆಗಾಗಿ ಸೊಸೆಯನ್ನು ಹೊಡೆದರೆ ಬಾಸುಂಡೆ ಕಾಣುತ್ತದೆ. ಸುಟ್ಟರೆ ಪೊಲೀಸರು ಬರುತ್ತಾರೆ. ಆದರೆ ಮಗುವಿಗೆ ಹಾಲೂಡಿಸುವ ಹೆಣ್ಣುಮಗಳನ್ನು ಅರೆಹೊಟ್ಟೆಯಲ್ಲಿ ಇಟ್ಟರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇದೂ ದೌರ್ಜನ್ಯವೇ ಎಂದು ನಾನು ಹೇಳುತ್ತೇನೆ.

ಕಣ್ಣಿಗೆ ಬೀಳದಿರಲು ಕಾರಣವಿದೆ. ತಾಯಿ ಕಡಿಮೆ ಉಂಡರೂ ಹಾಲು ಕೂಡಲೇ ಬತ್ತುವುದಿಲ್ಲ. ಊಟದಲ್ಲಿ ಸಿಗದ ಶಕ್ತಿಯನ್ನು ದೇಹ ತನ್ನಲ್ಲಿರುವ ಕೊಬ್ಬಿನಿಂದ ತೆಗೆದು ಕೊಡುತ್ತದೆ. ಹಾಲಿಗೆ ಬೇಕಾದ ಸುಣ್ಣದಂಶದಲ್ಲಿ ಒಂದು ಪಾಲು ಅವಳ ಮೂಳೆಯಿಂದಲೇ ಹೋಗುತ್ತದೆ. ಮಗು ಬೆಳೆಯುತ್ತಿರುತ್ತದೆ. "ಹಾಲು ಬರ್ತಾ ಇದೆಯಲ್ಲ, ಇನ್ನೇನು?" ಎನ್ನುತ್ತಾರೆ ಮನೆಯವರು. ಸವೆಯುವವಳು ತಾಯಿ.

ಅವಳಿಗೆ ಎಷ್ಟು ಊಟ ಬೇಕು? ಕ್ಯಾಲೊರಿ ಎಂದರೆ ಊಟದಿಂದ ಸಿಗುವ ಶಕ್ತಿಯ ಅಳತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ, ಹಾಲೂಡಿಸುವ ತಾಯಿಗೆ ಮೊದಲ 6 ತಿಂಗಳು ದಿನಕ್ಕೆ 600 ಕ್ಯಾಲೊರಿ, ಮುಂದಿನ 6 ತಿಂಗಳು 520 ಕ್ಯಾಲೊರಿ ಹೆಚ್ಚಿಗೆ ಬೇಕು. ಮಧ್ಯಮ ಶ್ರಮದ ಕೆಲಸ ಮಾಡುವ ಹೆಂಗಸಿಗೆ 2,130 ಬೇಕಿದ್ದರೆ, ಹಾಲೂಡಿಸುವಾಗ ಅದು 2,730 ಆಗುತ್ತದೆ. ಈ 600 ಎಂಬುದು ದೊಡ್ಡ ಸಂಪತ್ತೇನಲ್ಲ. 100 ಗ್ರಾಂ ಹಿಟ್ಟಿನ ರಾಗಿಮುದ್ದೆಯಲ್ಲಿ ಸುಮಾರು 320, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜದಲ್ಲಿ 170, ಒಂದು ಮೊಟ್ಟೆಯಲ್ಲಿ 70, ಚೂರು ಬೆಲ್ಲದಲ್ಲಿ 40. ಅಲ್ಲಿಗೆ ಲೆಕ್ಕ ಸರಿಹೋಯಿತು. ಜೊತೆಗೆ ಬೇಳೆ, ಸೊಪ್ಪು, ಬಾಯಾರಿದಾಗೆಲ್ಲ ನೀರು.

ಇಷ್ಟನ್ನು ಕೊಡಲು ಯಾಕೆ ಕಷ್ಟ? ಬಡತನ ಒಂದು ಕಾರಣ, ನಿಜ. ಆದರೆ ಉಳ್ಳವರ ಮನೆಯಲ್ಲೂ ಇದು ನಡೆಯುತ್ತದೆ. ಬಾಣಂತನವೆಲ್ಲ ತವರಿನ ಖರ್ಚು. ಆಸ್ಪತ್ರೆ, ತುಪ್ಪ, ಕೊಬ್ಬರಿ, ತೊಟ್ಟಿಲ ಶಾಸ್ತ್ರ ಎಲ್ಲವೂ ಅವಳ ಅಪ್ಪನ ಸಾಲ. ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ಗಂಡನ ಮನೆಗೆ ಬಂದ ದಿನದಿಂದ ಅವಳು ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವವಳು. "ಹೆಣ್ಣು ಹೆತ್ತವಳಿಗೆ ತುಪ್ಪ ಯಾಕೆ?" "ನಿಮ್ಮಪ್ಪ ಏನು ತಂದುಕೊಟ್ಟಿದ್ದಾನೆ ಅಂತ ಇಷ್ಟು ಉಣ್ತೀಯ?" ಈ ಮಾತುಗಳನ್ನು ಸಂಘದ ಸಭೆಗಳಲ್ಲಿ ಎಷ್ಟು ಹೆಣ್ಣುಮಕ್ಕಳ ಬಾಯಿಂದ ಕೇಳಿದ್ದೇನೆ! ವರದಕ್ಷಿಣೆ ಮದುವೆ ಮನೆಯಲ್ಲೇ ಮುಗಿಯುವುದಿಲ್ಲ, ಊಟದ ತಟ್ಟೆಯವರೆಗೂ ಬರುತ್ತದೆ.

ಪಥ್ಯದ ಹೆಸರೂ ಇದಕ್ಕೆ ಸೇರುತ್ತದೆ. ಮೆಣಸು, ಬೆಳ್ಳುಳ್ಳಿ ತಿನ್ನಿಸುವುದರಲ್ಲಿ ತಪ್ಪಿಲ್ಲ. ಆದರೆ ನೀರು ಕುಡಿಯಬೇಡ, ಸೊಪ್ಪು ಬೇಡ, ಹಣ್ಣು ಬೇಡ ಎನ್ನುವುದು ಪಥ್ಯವಲ್ಲ. ಈಗ ಇನ್ನೊಂದು ಕಾಟ ಸೇರಿದೆ. "ದಪ್ಪ ಆದೆ" ಎಂದು ಗಂಡ ಹಂಗಿಸುತ್ತಾನೆ, ಹುಡುಗಿ ರಾತ್ರಿಯ ಊಟ ಬಿಡುತ್ತಾಳೆ. ತೂಕ ಇಳಿಯಬೇಕಾದವಳಿದ್ದರೆ ಬೇಕರಿ ತಿಂಡಿ, ಕರಿದದ್ದು ಕಡಿಮೆ ಮಾಡಲಿ. ಮುದ್ದೆ, ಬೇಳೆ ಬಿಡುವುದು ಬೇಡ. ತೂಕ ನಿಧಾನವಾಗಿ ಇಳಿದರೆ ಸಾಕು.

ಕಾನೂನು ನಮ್ಮ ಕಡೆಗಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೆಂಗಸಿನ ಆರೋಗ್ಯಕ್ಕೆ ಹಾನಿ ಮಾಡುವುದೂ, ಅವಳಿಗೂ ಮಕ್ಕಳಿಗೂ ಬೇಕಾದ ಮನೆಯ ಅಗತ್ಯಗಳನ್ನು ತಪ್ಪಿಸುವುದೂ ದೌರ್ಜನ್ಯವೇ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಗರ್ಭಿಣಿಗೂ, ಹೆರಿಗೆಯಾದ 6 ತಿಂಗಳವರೆಗೆ ತಾಯಿಗೂ ಅಂಗನವಾಡಿಯ ಮೂಲಕ ಉಚಿತ ಊಟ ಸಿಗಬೇಕು. ನಮ್ಮ ರಾಜ್ಯದಲ್ಲಿ 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆ ಇದಕ್ಕೇ ಇರುವುದು. ಆದರೆ ಎಚ್ಚರ! "ಅಂಗನವಾಡಿಯಲ್ಲಿ ಉಂಡಳಲ್ಲ" ಎಂದು ಮನೆಯ ಊಟ ಕಡಿತವಾದರೆ ಆ ಒಂದು ಊಟದಿಂದ ಏನು ಬಂತು? ಅದು ಮನೆಯ ಊಟದ ಮೇಲಿನ ಊಟ, ಅದರ ಬದಲಿಗಲ್ಲ.

ಉಳಿತಾಯದ ಕಂತು ಕಟ್ಟಿದಳೋ ಇಲ್ಲವೋ ಎಂದು ನಾವು ವಾರವಾರವೂ ಕೇಳುತ್ತೇವೆ. ಹಾಲೂಡಿಸುವ ಸದಸ್ಯೆಯನ್ನು "ಇವತ್ತು ಏನು ಉಂಡೆ, ಎಷ್ಟು ಹೊತ್ತಿಗೆ ಉಂಡೆ?" ಎಂದೂ ಕೇಳೋಣ. ಉತ್ತರ ಸರಿಯಿಲ್ಲದಿದ್ದರೆ ಇಬ್ಬರು ಅವಳ ಮನೆಗೆ ಹೋಗೋಣ. ಅತ್ತೆಯ ಜೊತೆ ಜಗಳಕ್ಕಲ್ಲ, ಅವರೂ ಬಾಣಂತಿಯಾಗಿದ್ದಾಗ ಹಸಿದವರೇ ಇರಬಹುದು. ಮಾತಿಗೆ ಬಗ್ಗದಿದ್ದರೆ ಸಂರಕ್ಷಣಾಧಿಕಾರಿಯ ಬಳಿ ಹೋಗಲು, 181ಕ್ಕೆ ಫೋನ್ ಮಾಡಲು ಅವಳ ಜೊತೆ ನಿಲ್ಲೋಣ. ಮುಂದಿನ ಸಭೆಯಲ್ಲೇ ಈ ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.